ಚಿತ್ರ ಬರೆದು ಭಾಗಗಳನ್ನು ಗುರುತಿಸಿ: ಹೆಸರೇ ಇಲ್ಲದೆ ಉಳಿದ ಭಾಗಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಪಠ್ಯಪುಸ್ತಕ ಸಂಘದವರಿಗೆ, ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಯ ಅಧಿಕಾರಿಗಳಿಗೆ, ಹಾಗೇ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ 22 ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಈ ಪತ್ರ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯುವ ಹಾಗೆ ಮಾಡಿದ್ದು ನನ್ನ ಹತ್ತನೇ ಕ್ಲಾಸಿನ ಒಬ್ಬ ಹುಡುಗ. ಅವನನ್ನೂ ಅವನ ಅಮ್ಮನನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ.

ಒಂದು ಸೋಮವಾರ ಎರಡನೇ ಪೀರಿಯಡ್‌ನಲ್ಲಿ ಅವನು ಬೆಂಚಿನ ಮೇಲೆ ತಲೆ ಇಟ್ಟು ಕೂತಿದ್ದ. ಮುಖ ಬೆವತಿತ್ತು. "ಏನಾಯ್ತೋ?" ಅಂದೆ. "ಹೊಟ್ಟೆನೋವು ಮಿಸ್" ಅಂದ. ಬೆಳಿಗ್ಗೆ ತಿಂದದ್ದು ಸರಿ ಹೋಗಿಲ್ಲ ಅಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಓಮದ ನೀರು ಕುಡಿಸಿದೆ. ಅವನು ವಾಂತಿ ಮಾಡಿಕೊಂಡ. ಆಗ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು, ಊಟದ್ದೇ ಸಮಸ್ಯೆ ಅಂತ. ಮನೆಗೆ ಕಳಿಸಿದೆ. ಅಮ್ಮ ಗಾರ್ಮೆಂಟ್ಸ್‌ನಿಂದ ಬಂದಾಗ ಸಂಜೆ ಏಳು. ಅವಳಿಗೂ ಅವನು ಹೇಳಿದ್ದು ಹೊಟ್ಟೆನೋವು ಅಂತಲೇ. ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಡಾಕ್ಟರು ನೋಡಿ ಹೇಳಿದರು: ವೃಷಣ ತಿರುಚಿಕೊಂಡಿದೆ, ರಕ್ತ ಹೋಗದೆ ಸತ್ತಿದೆ, ತೆಗೆಯಲೇಬೇಕು.

ನಿನ್ನೆಯೇ ಬಂದಿದ್ದರೆ ಅಂತ ಡಾಕ್ಟರು ಕೇಳಿದರಂತೆ. ನೋವು ಶುರುವಾಗಿ ಆರು ಗಂಟೆಯೊಳಗೆ ಆಪರೇಷನ್ ಆದರೆ ಬಹುತೇಕ ಉಳಿಸಬಹುದು. ಒಂದು ದಿನ ಕಳೆದರೆ ಉಳಿಯುವುದು ಅಪರೂಪ.

ವಾರದ ನಂತರ ಅವನ ಮನೆಗೆ ಹೋದೆ. ಅಮ್ಮ ಕಾಫಿ ತರಲು ಒಳಗೆ ಹೋದಾಗ ಅವನು ತಲೆ ತಗ್ಗಿಸಿ ಹೇಳಿದ: "ನೋವು ಹೊಟ್ಟೇಲಿ ಇರ್ಲಿಲ್ಲ ಮಿಸ್. ನಂಗೆ ಗೊತ್ತಿತ್ತು. ನಿಮ್ಮ ಹತ್ರ ಹೇಗೆ ಹೇಳೋದು?"

ಈ ಹುಡುಗ ಯೂನಿಟ್ ಟೆಸ್ಟಿನಲ್ಲಿ ಗಂಡಿನ ಸಂತಾನೋತ್ಪತ್ತಿ ವ್ಯೂಹದ ಚಿತ್ರ ಬರೆದು, ಎಲ್ಲ ಭಾಗ ಗುರುತಿಸಿ, ಪೂರ್ತಿ ಅಂಕ ತೆಗೆದಿದ್ದ. ಅಂಕ ಕೊಟ್ಟವಳು ನಾನೇ. "ವೃಷಣ" ಅಂತ ಒಂದು ಅಕ್ಷರವೂ ತಪ್ಪದೆ ಬರೆದಿದ್ದ. ಆ ಪದ ತನ್ನ ಮೈಯಲ್ಲಿ ನೋಯುತ್ತಿರುವ ಜಾಗದ ಹೆಸರು ಅಂತ ಅವನಿಗೆ ಅನ್ನಿಸಿರಲೇ ಇಲ್ಲ. ಅದು ಪರೀಕ್ಷೆಯ ಪದ.

ಅಲ್ಲಿಂದ ನಾನು ಪುಸ್ತಕವನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಪಾಠದಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಕಾಂಡೋಮ್ ಇದೆ, ಕಾಪರ್-ಟಿ ಇದೆ, ಲೈಂಗಿಕವಾಗಿ ಹರಡುವ ರೋಗಗಳಿವೆ, ಹೆಣ್ಣು ಭ್ರೂಣಹತ್ಯೆಯ ಮಾತೂ ಇದೆ. ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿ ಯಾಕಿವೆ ಅಂತಲೂ ಹೇಳುತ್ತದೆ: ವೀರ್ಯಾಣು ತಯಾರಾಗಲು ದೇಹಕ್ಕಿಂತ ಕಡಿಮೆ ಉಷ್ಣತೆ ಬೇಕು. ಸರಿ. ಆದರೆ ಹೊರಗೆ ತೂಗುವ ವಸ್ತು ತಿರುಚಿಕೊಳ್ಳಬಹುದು ಅಂತ ಹೇಳುವುದಿಲ್ಲ. ನೀರಿನ ಪೈಪ್ ತಿರುಚಿದರೆ ಆಚೆ ಕಡೆ ನೀರು ಬರಲ್ಲ, ಅಷ್ಟೇ ವಿಷಯ. ಇದು ಎಲ್ಲಕ್ಕಿಂತ ಜಾಸ್ತಿ ಆಗುವುದು 12ರಿಂದ 18ರ ವಯಸ್ಸಿನಲ್ಲಿ. ಅಂದರೆ ನಮ್ಮ ಬೆಂಚಿನ ಮೇಲೆ ಕೂತಿರುವ ಮಕ್ಕಳಿಗೇ. ಒಂದು ಸಾಲು ಇದ್ದಿದ್ದರೆ ಸಾಕಿತ್ತು. "ಇಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ತಕ್ಷಣ ದೊಡ್ಡವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ." ಆ ಸಾಲು ಓದಿದ್ದರೆ ಅವನೂ ಹೇಳುತ್ತಿದ್ದ, ನಾನೂ ಓಮದ ನೀರು ಕುಡಿಸುತ್ತಿರಲಿಲ್ಲ.

ನನಗೆ ಅರ್ಥವಾದದ್ದು ಇದು. ಪಾಠಕ್ಕೆ ಮಗು ಹುಟ್ಟುವುದು ಹೇಗೆ ಅಂತ ಹೇಳುವುದಷ್ಟೇ ಬೇಕು. ಅದಕ್ಕೆ ಬೇಕಾದ ಭಾಗಗಳನ್ನು ಮಾತ್ರ ಬರೆದು ಉಳಿದದ್ದನ್ನು ಬಿಟ್ಟಿದ್ದಾರೆ. ಆದರೆ ಹದಿನೈದು ವರ್ಷದ ಮಗುವಿಗೆ ಮಗು ಹುಟ್ಟಿಸುವ ಕೆಲಸ ಇಲ್ಲ. ಅದಕ್ಕೆ ದಿನಾ ತೊಳೆದುಕೊಳ್ಳುವ, ದಿನಾ ನೋಡುವ, ನೋಯುವ, ತುರಿಸುವ, ಬದಲಾಗುತ್ತಿರುವ ಒಂದು ಮೈ ಇದೆ. ಆ ಮೈಯ ಚಿತ್ರ ಪುಸ್ತಕದಲ್ಲಿ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. ಹೆಣ್ಣಿನ ಚಿತ್ರ ತೆಗೆದು ನೋಡಿ. ಅಂಡಾಶಯ, ಅಂಡನಾಳ, ಗರ್ಭಕೋಶ, ಗರ್ಭಕೋಶದ ಕಂಠ, ಯೋನಿ. ಅಲ್ಲಿಗೆ ಮುಗಿಯಿತು. ಹೊರಗಿನ ಭಾಗ ಒಂದೂ ಇಲ್ಲ. ಗಂಡಿನ ಚಿತ್ರದಲ್ಲಿ ಮೂತ್ರಕೋಶ, ಮೂತ್ರ ಹೊರಹೋಗುವ ನಾಳ ಎಲ್ಲ ಇವೆ. ಹೆಣ್ಣಿನ ಚಿತ್ರದಲ್ಲಿ ಮೂತ್ರದ ಸುದ್ದಿಯೇ ಇಲ್ಲ. ಗಂಡಿನಲ್ಲಿ ಮೂತ್ರಕ್ಕೂ ವೀರ್ಯಕ್ಕೂ ಒಂದೇ ದಾರಿ ಅಂತ ಮಕ್ಕಳು ಓದುತ್ತಾರೆ. ಆಮೇಲೆ ಈ ಚಿತ್ರ ನೋಡಿ, ಹೆಣ್ಣಿಗೂ ಹಾಗೇ ಇರಬೇಕು ಅಂತ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಪುಸ್ತಕ ಸುಳ್ಳು ಹೇಳಿಲ್ಲ. ಆದರೆ ಬಿಟ್ಟ ಜಾಗದಲ್ಲಿ ಸುಳ್ಳು ತಾನಾಗಿ ಬಂದು ಕೂತಿದೆ.

ನಾನು ಕ್ಲಾಸಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬ ಇಡುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಬಹುದು. ಪ್ರತಿ ವರ್ಷ ಒಂದಾದರೂ ಚೀಟಿ ಹೀಗೆ ಬರುತ್ತದೆ: "ಮುಟ್ಟಾದಾಗ ಒಂದಕ್ಕೆ ಹೋದರೆ ರಕ್ತ ಎಲ್ಲಾ ಹೋಗಿಬಿಡುತ್ತಾ?" ಇನ್ನೊಂದು: "ಬಿಳಿ ಸೆರಗು ಹೋದರೆ ಮೂಳೆ ಕರಗುತ್ತಾ?" ಒಂದು ವರ್ಷ ಬಂದ ಚೀಟಿ ನನ್ನ ಪರ್ಸಿನಲ್ಲೇ ಇದೆ. "ನನ್ನದು ಎರಡು ಕಡೆ ಒಂದೇ ತರ ಇಲ್ಲ. ನನಗೆ ಕ್ಯಾನ್ಸರಾ ಮಿಸ್?"

ಆ ಮಗುವಿಗೆ ನಾನು ಏನು ಹೇಳಬೇಕಿತ್ತು? ಯೋನಿಯ ಬಾಯಿಯ ಸುತ್ತ ಹೊರಗಿನ ತುಟಿಗಳು, ಒಳಗಿನ ತುಟಿಗಳು ಅಂತ ಇರುತ್ತವೆ, ಎರಡೂ ಬದಿ ಸಮ ಇರಲೇಬೇಕು ಅಂತಿಲ್ಲ, ಒಬ್ಬೊಬ್ಬರದು ಒಂದೊಂದು ತರ, ನಮ್ಮ ಕಿವಿ ಮೂಗಿನ ಹಾಗೆ. ಒಂದು ನಿಮಿಷದ ಮಾತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಎಷ್ಟು ರಾತ್ರಿ ಅವಳು ಕ್ಯಾನ್ಸರ್ ಅಂದುಕೊಂಡು ಮಲಗಿದ್ದಳೋ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ನಾನು ಸಿಬಿಝೆಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು. ಕಪ್ಪೆ ಕೊಯ್ದವಳು, ಜಿರಳೆ ಕೊಯ್ದವಳು. ಬಿ.ಎಡ್. ಮುಗಿಸಿ ಮೂರು ವರ್ಷ ಇದೇ ಪಾಠ ಮಾಡಿದ್ದೆ. ಆಮೇಲೆ ಬಸುರಿಯಾಗಿ ಸಿಸೇರಿಯನ್‌ಗೆ ಸೇರಿದಾಗ, ನರ್ಸಮ್ಮ ಮೂತ್ರದ ನಳಿಗೆ ಹಾಕಲು ಬಂದರು. "ಇದನ್ನ ಹಾಕಿದ್ರೆ ಮಗು ಬರೋ ದಾರಿಗೆ ಏನೂ ಆಗಲ್ವಾ ಸಿಸ್ಟರ್?" ಅಂತ ಕೇಳಿದೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಅದೇ ಬೇರೆ, ಇದೇ ಬೇರೆ ಕಣಮ್ಮ. ಮುಂದೆ ಮೂತ್ರದ್ದು, ಮಧ್ಯ ಮುಟ್ಟಿನದ್ದು, ಹಿಂದೆ ಮಲದ್ದು." ನನಗಾಗ 28 ವರ್ಷ. ಕಪ್ಪೆಯ ಒಳಗಿನದ್ದೆಲ್ಲ ಬಿಡಿಸಿ ತೋರಿಸಿದ್ದವಳಿಗೆ ತನ್ನ ಮೈಯ ಲೆಕ್ಕ ಗೊತ್ತಿರಲಿಲ್ಲ. ಅವತ್ತು ಅತ್ತಿದ್ದು ನೋವಿಗಲ್ಲ.

ಮೂರು ದ್ವಾರ ಅನ್ನುವುದು ಸುಮ್ನೆ ತಿಳಿದುಕೊಳ್ಳುವ ವಿಷಯ ಅಲ್ಲ. ಹೆಣ್ಣಿನಲ್ಲಿ ಮೂತ್ರಕೋಶದಿಂದ ಮೂತ್ರ ಹೊರಹೋಗುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಗಂಡಿನದು ಸುಮಾರು 20. ಹೆಣ್ಣಿನಲ್ಲಿ ದಾರಿ ಚಿಕ್ಕದು, ಮಲದ್ವಾರ ಹತ್ತಿರ. ಅದಕ್ಕೇ ಕರುಳಿನ ರೋಗಾಣುಗಳು ಬೇಗ ಮೂತ್ರಕೋಶ ಸೇರುತ್ತವೆ, ಉರಿಮೂತ್ರ ಜಾಸ್ತಿ. ತೊಳೆಯುವಾಗ, ಒರೆಸುವಾಗ ಮುಂದಿನಿಂದ ಹಿಂದಕ್ಕೆ ಅಂತ ಹೇಳುವುದು ಇದಕ್ಕೆ. ಶಾಲೆಯ ಟಾಯ್ಲೆಟ್ ಸರಿ ಇಲ್ಲ ಅಂತ ಸಂಜೆವರೆಗೆ ನೀರೇ ಕುಡಿಯದ ಹುಡುಗಿಯರು ನನ್ನ ಕ್ಲಾಸಿನಲ್ಲಿ ಎಷ್ಟೋ ಜನ. ಮೂರು ದ್ವಾರದ ಚಿತ್ರ ಇಲ್ಲದೆ ಇದನ್ನೆಲ್ಲ ಅವರಿಗೆ ಯಾವ ಬಾಯಲ್ಲಿ ವಿವರಿಸಲಿ?

ಇನ್ನು ಚಂದ್ರನಾಡಿ. ಇಂಗ್ಲಿಷಿನಲ್ಲಿ ಕ್ಲಿಟೋರಿಸ್. ಈ ಪದ ಬರೆಯುವಾಗ ನನ್ನ ಕೈಯೂ ಒಂದು ಕ್ಷಣ ನಿಂತಿತು, ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇದರ ಹೆಸರೂ ಇಲ್ಲ. ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಒಂದು ಸಾಲು ಇದೆ, ಚಿಕ್ಕ ಬೆರಳಿನಂಥ ರಚನೆ ಅಂತ. ನಿಜ ಏನೆಂದರೆ ಹೊರಗೆ ಕಾಣುವುದು ಅದರ ತುದಿ ಮಾತ್ರ. ಹೆಚ್ಚಿನ ಭಾಗ ಒಳಗಿದೆ, ಯೋನಿಯ ಎರಡೂ ಬದಿಗೆ ಕವಲಾಗಿ ಹರಡಿದೆ. ಆಸ್ಟ್ರೇಲಿಯಾದ ಮೂತ್ರರೋಗ ತಜ್ಞೆ ಹೆಲೆನ್ ಓ'ಕಾನೆಲ್ 1998ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಅದಕ್ಕೂ ಮೊದಲು, 1844ರಲ್ಲೇ ಜರ್ಮನಿಯ ಅಂಗರಚನಾ ತಜ್ಞ ಕೋಬೆಲ್ಟ್ ಅದರ ಚಿತ್ರ ಬರೆದಿದ್ದ. ಅಂದರೆ ಎಷ್ಟೋ ದೊಡ್ಡ ದೊಡ್ಡ ವೈದ್ಯಕೀಯ ಪುಸ್ತಕಗಳೂ ನೂರೈವತ್ತು ವರ್ಷ ಈ ಅಂಗವನ್ನು ಸರಿಯಾಗಿ ತೋರಿಸಲಿಲ್ಲ. 2022ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಅದರ ನರತಂತುಗಳನ್ನು ಎಣಿಸಿದರು, 10,000ಕ್ಕಿಂತ ಜಾಸ್ತಿ ಸಿಕ್ಕವು. ನಾವು ನಾಲಿಗೆಯ ರುಚಿಮೊಗ್ಗು ಹೇಳಿಕೊಡುತ್ತೇವೆ, ಚರ್ಮದ ಸ್ಪರ್ಶ ಹೇಳಿಕೊಡುತ್ತೇವೆ. ಇದೂ ಸ್ಪರ್ಶ ಗೊತ್ತಾಗುವ ಅಂಗ. ಇದೆ, ಇಲ್ಲಿದೆ, ಇದರ ಹೆಸರು ಇದು, ಇದು ರೋಗ ಅಲ್ಲ, ಗಂಟು ಅಲ್ಲ. ಇಷ್ಟು ಹೇಳಿದರೆ ಹತ್ತನೇ ಕ್ಲಾಸಿಗೆ ಸಾಕು.

ಕನ್ಯಾಪೊರೆ ಅನ್ನುವ ಹೆಸರಿನಲ್ಲೇ ತಪ್ಪು ಇದೆ. ಅದು ಮುಚ್ಚಳ ಅಲ್ಲ. ಮುಚ್ಚಳ ಆಗಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದು ಹೇಗೆ? ಅದು ಯೋನಿಯ ಬಾಯಿಯ ಅಂಚಿನಲ್ಲಿರುವ ತೆಳು ಪದರ, ನಡುವೆ ತೆರವು ಇರುತ್ತದೆ. ಅಪರೂಪಕ್ಕೆ ಕೆಲವರಿಗೆ ಪೂರ್ತಿ ಮುಚ್ಚಿರುತ್ತದೆ. ಅಂಥ ಹುಡುಗಿಗೆ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತದೆ, ಮುಟ್ಟು ಬರುವುದಿಲ್ಲ. ಒಂದು ಸಣ್ಣ ಆಪರೇಷನ್‌ನಲ್ಲಿ ಸರಿಹೋಗುತ್ತದೆ. ಗೊತ್ತಿಲ್ಲದ ಮನೆಗಳಲ್ಲಿ ದೇವರಿಗೆ ಹರಕೆ ಹೊತ್ತು ಕಾಯುತ್ತಾರೆ.

ಪೊರೆ ಇದೆಯೋ ಇಲ್ಲವೋ ನೋಡಿ ಕನ್ಯತ್ವ ಹೇಳಲು ಆಗುವುದಿಲ್ಲ ಅಂತ ನಮ್ಮದೇ ದ್ವಿತೀಯ ಪಿಯುಸಿ ಪುಸ್ತಕ ಹೇಳುತ್ತದೆ. ಒಳ್ಳೇ ಮಾತು. ಅತ್ಯಾಚಾರಕ್ಕೊಳಗಾದವರ ಯೋನಿಯೊಳಗೆ ಬೆರಳು ಹಾಕಿ ನೋಡುವ "ಎರಡು ಬೆರಳಿನ ಪರೀಕ್ಷೆ" ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಅಂತ ಸುಪ್ರೀಂ ಕೋರ್ಟ್ ಕೂಡ 2022ರ ಅಕ್ಟೋಬರ್ 31ರಂದು ಹೇಳಿತು. ಆದರೆ ಆ ಪಿಯುಸಿ ಪುಸ್ತಕ ಓದುವವರು ಯಾರು? ಸೈನ್ಸ್ ತೆಗೆದುಕೊಂಡು, ಅದರಲ್ಲೂ ಬಯಾಲಜಿ ಆರಿಸಿಕೊಂಡವರು. ನನ್ನ ಹುಡುಗಿಯರು ಹತ್ತನೇ ಕ್ಲಾಸಾದ ಮೇಲೆ ಕಾಮರ್ಸ್‌ಗೆ ಹೋಗುತ್ತಾರೆ. ಪೀಣ್ಯದ ಫ್ಯಾಕ್ಟರಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕೆಲವರಿಗೆ ಬೇಗ ಮದುವೆ. ಗಂಡುಹುಡುಗರು ಐಟಿಐಗೆ, ಡೆಲಿವರಿ ಕೆಲಸಕ್ಕೆ. ಅವರೆಲ್ಲರಿಗೂ ಜೀವಶಾಸ್ತ್ರದ ಕೊನೇ ಪಾಠ ನಾನು ಹತ್ತನೇ ಕ್ಲಾಸಿನಲ್ಲಿ ಮಾಡುವ ಈ ಪಾಠವೇ. ಮದುವೆಯ ರಾತ್ರಿ ರಕ್ತ ಬರಲಿಲ್ಲ ಅಂತ ಅನುಮಾನ ಪಡುವ ಗಂಡ, ಆ ಅನುಮಾನಕ್ಕೆ ಹೆದರುವ ಹೆಂಡತಿ, ಇಬ್ಬರೂ ಒಂದು ಕಾಲಕ್ಕೆ ನಮ್ಮ ಕ್ಲಾಸಿನಲ್ಲೇ ಕೂತಿದ್ದವರು. ಆಗ ನಾವು ಹೇಳಲಿಲ್ಲ.

ಹುಡುಗರ ಚೀಟಿಗಳೂ ಕಡಿಮೆ ಏನಲ್ಲ. ನಿದ್ದೆಯಲ್ಲಿ ವೀರ್ಯ ಹೋದರೆ ನಿಶ್ಶಕ್ತಿ ಬರುತ್ತದಾ, ಒಂದು ಹನಿಗೆ ಎಷ್ಟು ಹನಿ ರಕ್ತ, ಒಂದು ಕೆಳಗೆ ಒಂದು ಮೇಲೆ ಇದ್ದರೆ ತೊಂದರೆಯಾ. ಈ ಭಯಕ್ಕೆ ನಮ್ಮ ಡಾಕ್ಟರುಗಳೇ ಧಾತು ಸಿಂಡ್ರೋಮ್ ಅಂತ ಹೆಸರಿಟ್ಟಿದ್ದಾರೆ. 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ಕೊಟ್ಟ ಹೆಸರು ಅದು. ಬಸ್ ಸ್ಟ್ಯಾಂಡುಗಳ ಗೋಡೆಯ ಮೇಲೆ "ಗುಪ್ತರೋಗ" ಅಂತ ಫೋನ್ ನಂಬರ್ ಅಂಟಿಸುವವರ ವ್ಯಾಪಾರ ನಡೆಯುವುದು ಈ ಭಯದ ಮೇಲೆ. ವೀರ್ಯದ ದ್ರವದಲ್ಲಿ ಹೆಚ್ಚಿನದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ. ಅದು ರಕ್ತ ಕರಗಿ ಆದದ್ದಲ್ಲ, ಹೋದಷ್ಟೂ ದೇಹ ಮತ್ತೆ ತಯಾರಿಸುತ್ತದೆ. ಎರಡು ವೃಷಣಗಳಲ್ಲಿ ಒಂದು ಸ್ವಲ್ಪ ಕೆಳಗಿರುವುದು ಸಹಜ. ಆ ಗ್ರಂಥಿಗಳ ಹೆಸರು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಗೋಡೆಯ ಮೇಲಿನ ಸುಳ್ಳಿಗೆ ಅದೇ ಉತ್ತರ ಅಂತ ನಾವು ಜೋಡಿಸಿ ಹೇಳುವುದಿಲ್ಲ. ಹದಿಹರೆಯದ ಹುಡುಗರಲ್ಲಿ ಎಷ್ಟೋ ಜನರಿಗೆ ಸ್ವಲ್ಪ ಕಾಲ ಎದೆ ಉಬ್ಬುತ್ತದೆ, ಹಾರ್ಮೋನಿನ ಏರುಪೇರಿನಿಂದ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಇದು ಗೊತ್ತಿಲ್ಲದೆ ಏಪ್ರಿಲ್ ಬಿಸಿಲಿನಲ್ಲೂ ಎರಡು ಬನಿಯನ್ ಹಾಕಿಕೊಂಡು ಪಿ.ಟಿ. ತಪ್ಪಿಸುತ್ತಿದ್ದ ಒಬ್ಬ ಹುಡುಗ ನನಗೆ ಗೊತ್ತು.

ಈಗ ಮಾತಿನ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. ನಮ್ಮಲ್ಲಿ ಈ ಅಂಗಗಳಿಗೆ ಎರಡೇ ತರದ ಪದ ಇವೆ. ಒಂದು ಪುಸ್ತಕದ ಪದ: ಶಿಶ್ನ, ವೃಷಣ, ಯೋನಿ. ಇನ್ನೊಂದು ಬೈಗುಳ. ಮನೆಯಲ್ಲಿ ಆಡುವ ಪದ ಇಲ್ಲ. ಮಗು ಚಿಕ್ಕದಿದ್ದಾಗ "ಶೇಮ್ ಶೇಮ್" ಅನ್ನುತ್ತೇವೆ. ದೊಡ್ಡದಾದ ಮೇಲೆ "ಅಲ್ಲಿ", "ಕೆಳಗೆ", "ಆ ಜಾಗ". ಮೊಣಕೈಗೆ ಹೆಸರಿದೆ, ಹಿಮ್ಮಡಿಗೆ ಹೆಸರಿದೆ. ಈ ಅಂಗಕ್ಕೆ ಮಾತ್ರ ನಾಚಿಕೆಯೇ ಹೆಸರು. ಯಾರೋ ಮುಟ್ಟಬಾರದ ಕಡೆ ಮುಟ್ಟಿದರು ಅಂತ ಮಗು ಹೇಳಬೇಕಾದಾಗ ಏನಂತ ಹೇಳುತ್ತದೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾನೂನು 2012ರಲ್ಲಿ ಬಂತು. ಆ ಕಾನೂನಿನಲ್ಲಿ ಮಗುವಿನ ಮಾತಿಗೆ ಬೆಲೆ ಇದೆ. ಆದರೆ ಮಗುವಿಗೆ ಆ ಮಾತನ್ನೇ ನಾವು ಕೊಟ್ಟಿಲ್ಲ.

ಪದ ಹುಡುಕುವುದು ಕಷ್ಟ ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ತಾಯಿ ಅವರು. ಮೈಯ ಭಾಗಗಳಿಗೆ ಪದ ಇಲ್ಲದೆ ಯಾವ ಸೂಲಗಿತ್ತಿಯೂ ಬಾಣಂತಿಯ ಜೊತೆ ಮಾತಾಡಲು ಸಾಧ್ಯವಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿ, ಸರ್ಕಾರಿ ಆಸ್ಪತ್ರೆಯ ನರ್ಸುಗಳನ್ನು ಕೇಳಿ. ನನಗೆ ನರ್ಸಮ್ಮ ಹೇಳಿದ "ಮೂತ್ರದ ದಾರಿ, ಮುಟ್ಟಿನ ದಾರಿ" ನಾನು ಕೇಳಿದ ಎಲ್ಲ ವ್ಯಾಖ್ಯೆಗಿಂತ ಚೆನ್ನಾಗಿತ್ತು. ಅಂಥ ಪದಗಳನ್ನು ಕೂಡಿಸಿ, ಪುಸ್ತಕದ ಪದದ ಪಕ್ಕದಲ್ಲೇ ಅಚ್ಚು ಹಾಕಿ. ನಾಲ್ಕು ವರ್ಷದಲ್ಲಿ ಅವು ಮನೆಯ ಪದ ಆಗುತ್ತವೆ. ಪ್ಯಾಡ್ ಅನ್ನುವ ಪದವನ್ನು ಮೊದಲು ಅಂಗಡಿಯಲ್ಲಿ ಪಿಸುಗುಡುತ್ತಿದ್ದೆವು. ಶುಚಿ ಯೋಜನೆಯಲ್ಲಿ ಶಾಲೆಯಲ್ಲೇ ಪ್ಯಾಡ್ ಹಂಚಲು ಶುರುವಾದ ಮೇಲೆ ನನ್ನ ಹುಡುಗಿಯರು "ಮಿಸ್, ಪ್ಯಾಡ್ ಇದೆಯಾ?" ಅಂತ ಕಾರಿಡಾರಿನಲ್ಲೇ ಕೇಳುತ್ತಾರೆ.

ಜನ ಒಪ್ಪುವುದಿಲ್ಲ ಅಂತ ನೀವು ಹೇಳಬಹುದು. 2007 ನನಗೂ ನೆನಪಿದೆ. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ಚಿತ್ರಗಳ ಮೇಲೆ ಗಲಾಟೆಯಾಗಿ, ಹಲವು ರಾಜ್ಯಗಳ ಜೊತೆ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಆಗ ನನ್ನ ಕ್ಲಾಸಿನಲ್ಲಿದ್ದವರ ಮಕ್ಕಳು ಈಗ ಶಾಲೆಗೆ ಬರುತ್ತಿದ್ದಾರೆ. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಅನ್ನುವುದು ತಪ್ಪು ಕಲ್ಪನೆ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಹೇಳಿದೆ. ಮಕ್ಕಳ ಕೈಯಲ್ಲಿ ಫೋನ್ ಇದೆ. ಫೋನಿನಲ್ಲಿ ಅವರು ನೋಡುವ ಮೈಗಳು ನಿಜದ ಮೈಗಳಲ್ಲ. ನಿಜದ ಮೈಯನ್ನು ತೋರಿಸುವ ಒಂದೇ ಒಂದು ಗೌರವದ ಚಿತ್ರ ಅವರಿಗೆ ಶಾಲೆಯಲ್ಲಿ ಸಿಗಬೇಡವಾ?

ದಾಸವಾಳದ ಹೂವನ್ನು ನಾವು ಕ್ಲಾಸಿಗೆ ತಂದು, ಬ್ಲೇಡಿನಲ್ಲಿ ಸೀಳಿ, ಪುಷ್ಪಪತ್ರದಿಂದ ಹಿಡಿದು ಶಲಾಕಾಗ್ರದವರೆಗೆ ಒಳಗೂ ಹೊರಗೂ ಹೆಸರು ಹೇಳಿಸುತ್ತೇವೆ. ಲ್ಯಾಬಿನಲ್ಲಿರುವ ಪ್ಲಾಸ್ಟಿಕ್ ಮನುಷ್ಯನ ಶ್ವಾಸಕೋಶ, ಪಿತ್ತಜನಕಾಂಗ ಎಲ್ಲ ತೆಗೆದು ತೋರಿಸಬಹುದು. ಸೊಂಟದ ಕೆಳಗೆ ಅವನು ನುಣ್ಣಗಿದ್ದಾನೆ.

ನಾನು ಕೇಳುವುದು ದೊಡ್ಡದಲ್ಲ. ಕೇಂದ್ರದ ಪುಸ್ತಕ, ನಾವು ಬದಲಾಯಿಸಲು ಆಗದು ಅಂದರೆ, ಪುಸ್ತಕ ಹಾಗೇ ಇರಲಿ. ಜೊತೆಗೆ ಎರಡು ಪುಟದ ಒಂದು ಪೂರಕ ಹಾಳೆ ಕೊಡಿ. ಹೆಣ್ಣಿನ ಹೊರಭಾಗದ ಒಂದು ಚಿತ್ರ, ಮೂರು ದ್ವಾರಗಳ ಸಮೇತ. ಗಂಡಿನ ಚಿತ್ರದ ಪಕ್ಕದಲ್ಲಿ ಆ ಆರು ಗಂಟೆಯ ಸಾಲು. ಎಲ್ಲರ ಮೈ ಒಂದೇ ತರ ಇರುವುದಿಲ್ಲ, ಹುಟ್ಟಿನಿಂದಲೇ ಬೇರೆ ತರ ಇರುವ ಮಕ್ಕಳೂ ಇರುತ್ತಾರೆ, ಅವರೂ ನಮ್ಮವರೇ ಅಂತ ಒಂದು ಮಾತು. ಹುಡುಗ ಹುಡುಗಿಯರು ಇಬ್ಬರೂ ಎರಡೂ ಪುಟ ಓದಲಿ, ಬೇರೆ ಬೇರೆ ಕೂರಿಸುವುದು ಬೇಡ. ಡಿಎಸ್‌ಇಆರ್‌ಟಿಯವರು ಶಿಕ್ಷಕರ ತರಬೇತಿಯಲ್ಲಿ ಒಂದು ದಿನ ಇದಕ್ಕೇ ಇಡಲಿ, ಒಬ್ಬ ನರ್ಸನ್ನು ಕರೆಸಲಿ. ಪಾಠವನ್ನು "ಮನೇಲಿ ಓದ್ಕೊಳ್ಳಿ" ಅಂತ ದಾಟಿಸುವ ನನ್ನ ಸಹೋದ್ಯೋಗಿಗಳು ಕೆಟ್ಟವರಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ, ನನಗೆ 28ರವರೆಗೆ ಯಾರೂ ಹೇಳಿಕೊಡದ ಹಾಗೆ.

ಕಳೆದ ವರ್ಷ ನಾನೇ ಅಂಥ ಒಂದು ಹಾಳೆ ಮಾಡಿ, ಪೋಷಕರ ಸಭೆಯಲ್ಲಿ ಮೊದಲು ಅಪ್ಪ ಅಮ್ಮಂದಿರಿಗೆ ತೋರಿಸಿದೆ. ಗಲಾಟೆ ಆಗಬಹುದು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬ ತಂದೆ ಎದ್ದು ಹೊರಗೆ ಹೋದರು. ಉಳಿದವರು ಸುಮ್ಮನೆ ಕೂತು ನೋಡಿದರು. ಸಭೆ ಮುಗಿದ ಮೇಲೆ ಒಬ್ಬಳು ತಾಯಿ ನನ್ನ ಟೇಬಲ್ ಹತ್ತಿರ ಬಂದು ನಿಂತಳು. ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಎಣಿಸಿದಳು. ಒಂದು, ಎರಡು, ಮೂರು. ಆಮೇಲೆ ಕೇಳಿದಳು: "ಮಿಸ್, ಇದನ್ನ ಇನ್ನೊಂದು ಝೆರಾಕ್ಸ್ ಕೊಡ್ತೀರಾ? ನಮ್ಮಕ್ಕನ ಮಗಳಿಗೆ ಮುಂದಿನ ತಿಂಗಳು ಮದುವೆ."

ಆ ಹಾಳೆಯ ಒಂದು ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಚಿತ್ರ ನಾನೇ ಬರೆದದ್ದು, ಗೆರೆ ಅಷ್ಟು ನೇರ ಇಲ್ಲ. ನಿಮ್ಮಲ್ಲಿ ಒಳ್ಳೇ ಕಲಾವಿದರಿದ್ದಾರೆ, ತಿದ್ದಿಸಿ. ಜೂನ್ ಮೊದಲ ವಾರ ಹೊಸ ಹತ್ತನೇ ಕ್ಲಾಸು ಶುರುವಾಗುತ್ತದೆ. ಅಷ್ಟರೊಳಗೆ ಆದರೆ ಒಳ್ಳೆಯದು.

ಇಂತಿ,
ಬೆಂಗಳೂರಿನ ಒಬ್ಬ ವಿಜ್ಞಾನ ಶಿಕ್ಷಕಿ